ಹೂವಿನ ಹಾವು

ಮುದ್ದಾದ ವಸ್ತು ಕಂಡರೆ ನನಗೆ ಮೊದಲು ಹುಟ್ಟುವುದು ಸಂಶಯ. ಬಟ್ಟೆಯಲ್ಲಿ ಪ್ರಾಣಿಗಳನ್ನು ಮಾಡುವವಳೇ ಹೀಗೆಂದರೆ ಜನ ನಗುತ್ತಾರೆ. ಆದರೆ ಮಾಡುವವಳಿಗೇ ಅಲ್ಲವೆ ಒಳಗಿನ ಮರ್ಮ ಗೊತ್ತಿರುವುದು? ತಲೆಯನ್ನು ಮೈಗಿಂತ ಕೊಂಚ ದೊಡ್ಡದಾಗಿ ಕತ್ತರಿಸಬೇಕು. ಕಣ್ಣುಗಳನ್ನು ಮುಖದ ನಡುವಿಗಿಂತ ಒಂದು ಬೆರಳು ಕೆಳಗಿಳಿಸಿ, ಅವುಗಳ ನಡುವೆ ತುಸು ಹೆಚ್ಚು ಜಾಗ ಬಿಡಬೇಕು. ಅಷ್ಟಾದರೆ ನರಿಯೂ ಕೂಸಾಗುತ್ತದೆ. ನೋಡಿದವರು ‘ಅಯ್ಯ, ಎಷ್ಟ್ ಚಂದ ಅದ’ ಎಂದು ಎದೆಗವಚಿಕೊಳ್ಳುತ್ತಾರೆ. ಅವರನ್ನು ಕರಗಿಸಿದ್ದು ನರಿಯಲ್ಲ, ನನ್ನ ಕತ್ತರಿ. ಇಷ್ಟು ಸುಲಭವಾಗಿ ಮನುಷ್ಯರ ಮನಸ್ಸು ಕರಗುವುದಾದರೆ ಅದನ್ನು ಬೇರೆ ಯಾರ್ಯಾರು ಹೇಗೆ ಕರಗಿಸುತ್ತಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹುಮನಾಬಾದಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದ ಮೇಲೆ ಈ ಕೆಲಸಕ್ಕೆ ಕೈಹಾಕಿದೆ. ಅಂಗಡಿಗಳಲ್ಲಿ ಸಿಗುವ ಗೊಂಬೆಗಳನ್ನು ನೋಡಿ ನೋಡಿ ಸಿಟ್ಟು ಬಂದಿತ್ತು. ನಮ್ಮ ಮಕ್ಕಳಿಗೆ ಪೆಂಗ್ವಿನ್ ಗೊತ್ತು, ಜಿರಾಫೆ ಗೊತ್ತು, ಗುಲಾಬಿ ಬಣ್ಣದ ಕರಡಿ ಗೊತ್ತು. ಮನೆಯ ಹಿಂದಿನ ಬೇಲಿಯಲ್ಲಿ ನುಸುಳುವ ಮುಂಗುಸಿ ಗೊತ್ತಿಲ್ಲ. ಗೊತ್ತಿದ್ದರೂ ಅದರ ಮೇಲೆ ಕಲ್ಲು ಎಸೆಯುವುದಷ್ಟೇ ಗೊತ್ತು. ಹಾಗಾಗಿ ನಾನು ಯಾರಿಗೂ ಬೇಡವಾದ ಪ್ರಾಣಿಗಳನ್ನೇ ಆರಿಸಿಕೊಂಡೆ. ಗೂಬೆ, ನರಿ, ಮುಂಗುಸಿ, ಕಪ್ಪೆ, ಕೇರೆಹಾವು. ಬಸವಕಲ್ಯಾಣದಲ್ಲಿ ನನ್ನ ತಂಗಿ ಅಂಗನವಾಡಿ ಟೀಚರ್. ಆ ಅಂಗನವಾಡಿಯ ಮಕ್ಕಳೇ ನನ್ನ ಮೊದಲ ಪರೀಕ್ಷಕರು. ಅಲ್ಲಿ ಉಳಿದ ಗೊಂಬೆ ಉಳಿಯಿತು, ಮೂಲೆಗೆ ಬಿದ್ದದ್ದನ್ನು ನಾನು ಬಿಚ್ಚಿ ಬೇರೆ ಮಾಡುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸಿದ್ದು ಕೇರೆಹಾವು. ಅದು ಕಚ್ಚಿದರೂ ವಿಷವಿಲ್ಲ, ಹೊಲದ ಇಲಿ ತಿಂದು ರೈತನ ತೊಗರಿ ಉಳಿಸುತ್ತದೆ. ನಮ್ಮ ಜನ ಮಾತ್ರ ಕಂಡಲ್ಲಿ ಕೊಲ್ಲುತ್ತಾರೆ. ಒಂದಿಷ್ಟು ಮಕ್ಕಳಾದರೂ ಅದನ್ನು ಕೊಲ್ಲದೆ ಬಿಡಲಿ ಎಂಬುದು ನನ್ನ ಆಸೆ. ಬಹಳ ಯೋಚಿಸಿ ಒಂದು ಉಪಾಯ ಮಾಡಿದೆ. ಹಾವಿನ ಬಾಯಿ ತೆರೆದುಕೊಳ್ಳುವಂತೆ ಹೊಲಿದು, ಒಳಗೆ ಉದ್ದಕ್ಕೂ ಒಂದು ಚೀಲದಂಥ ದಾರಿ ಬಿಟ್ಟೆ. ಜೊತೆಗೆ ಬೆರಳಿನಷ್ಟು ಬಟ್ಟೆಯ ಇಲಿ. ಮಗು ಇಲಿಯನ್ನು ಬಾಯಿಗೆ ತುರುಕಿ ಮೈ ನೇವರಿಸುತ್ತ ಹೋದರೆ ಅದು ಹೊಟ್ಟೆಗಿಳಿದು ಅಲ್ಲಿ ಉಬ್ಬಿ ಕಾಣುತ್ತದೆ. ಆ ಆಟ ಆಡಿದ ಮಗುವಿಗೆ ಕೇರೆ ಏನು ತಿನ್ನುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಬಟ್ಟೆಗೆ ಬೇಕೆಂದೇ ಮಾಸಲು ಕಂದು ಬಣ್ಣ ಆರಿಸಿದೆ, ಒಂದು ಚುಕ್ಕೆಯೂ ಇಲ್ಲದ್ದು. ಕೇರೆಯ ಬೆನ್ನು ಹಾಗೆಯೇ ಇರುತ್ತದೆ.

ಹೊಲಿಯುತ್ತಿದ್ದವಳು ಬೇಮಳಖೇಡದ ಒಬ್ಬ ಹೆಣ್ಣುಮಗಳು. ಹೊಲದ ಕೆಲಸವಿಲ್ಲದ ದಿನ ಹಳೆ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಾಳೆ. ಅವಳ ಹೊಲಿಗೆಯ ಸಾಲು ನೋಡಿದರೆ ಯಂತ್ರಕ್ಕೂ ನಾಚಿಕೆಯಾಗಬೇಕು. ನಾನು ಕತ್ತರಿಸಿ, ಗುರುತು ಹಾಕಿ, ಅರಳೆಯ ಚೀಲದ ಸಮೇತ ಕೊಟ್ಟು ಬರುವುದು, ಅವಳು ಹೊಲಿದು ತುಂಬಿ ತಂದುಕೊಡುವುದು, ಇದು ನಮ್ಮ ಪದ್ಧತಿ. ಮೊದಲ ಸಲ ಹಾವಿನ ಬಟ್ಟೆ ಕೊಟ್ಟಾಗಲೇ ಅವಳು ಮೂಗು ಮುರಿದಿದ್ದಳು.

“ಕೇರಿಹಾವ್ ಯಾಕ್ರಿ ಅಕ್ಕೋರೆ? ಅದು ಎಮ್ಮಿ ಕಾಲಿಗಿ ಸುತ್ಕೊಂಡು ಹಾಲ್ ಕುಡಿತದ.”

“ನೀ ನೋಡಿಯೇನು?”

“ನಾ ನೋಡಿಲ್ರಿ. ನಮ್ಮತ್ತಿ ನೋಡ್ಯಾಳ.”

ಸತ್ತುಹೋದ ಅತ್ತೆಯನ್ನು ಸಾಕ್ಷಿಗೆ ಕರೆಯುವವರ ಜೊತೆ ವಾದ ಮಾಡುವುದು ಹೇಗೆ? ಹೊಲಿದು ತಂದದ್ದು ನನ್ನ ನಕಾಶೆಯಂತೆಯೇ ಇತ್ತು. ಆದರೂ ಅಂಗನವಾಡಿಯ ಮಕ್ಕಳು ಆ ಹಾವನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಕಪ್ಪೆಗೆ ಇದ್ದ ಬೇಡಿಕೆ ಅದಕ್ಕಿರಲಿಲ್ಲ. ಮೂಲೆಗೆ ಬಿದ್ದ ಆ ಮೊದಲ ಕಂತನ್ನು ಬಿಚ್ಚಿಹಾಕಿ, ಆದರೂ ಪಟ್ಟು ಬಿಡದೆ ಇನ್ನೊಂದು ಕಂತು ಕತ್ತರಿಸಿ ಬೇಮಳಖೇಡಕ್ಕೆ ಕೊಟ್ಟು ಬಂದೆ.

ಅಷ್ಟರಲ್ಲಿ ಚಿಕುನ್‌ಗುನ್ಯಾ ಬಂದು ನಾನು ಹಾಸಿಗೆ ಹಿಡಿದೆ. ಕೀಲುಕೀಲು ಹಿಡಿದುಕೊಂಡು ಕತ್ತರಿ ಎತ್ತಲಾಗುತ್ತಿರಲಿಲ್ಲ. ತಂಗಿ ನನ್ನನ್ನು ನೋಡಲು ಬಂದವಳು ಹೋಗುವಾಗ ಮಾಣಿಕನಗರಕ್ಕೆ ದರ್ಶನಕ್ಕೆ ಹೋದಳು. ಹೊಲಿದ ಗೊಂಬೆಗಳನ್ನು ಅಲ್ಲಿಗೇ ತಂದುಕೊಡುವಂತೆ ಕೌದಿಯವಳಿಗೆ ಫೋನು ಮಾಡಿದ್ದಳಂತೆ. ಇಬ್ಬರೂ ಅಲ್ಲಿ ಒಂದು ಅಂಗಡಿಯಲ್ಲಿ ಕೂತು ಚಹಾ ಕುಡಿದರಂತೆ. ಅಂದರೆ ಆ ಕಂತು ನನ್ನ ಕಣ್ಣಿಗೆ ಬೀಳದೆಯೇ ಬಸವಕಲ್ಯಾಣ ಸೇರಿತು. ಇಬ್ಬರು ಹೆಂಗಸರು ನನ್ನನ್ನು ಬಿಟ್ಟು ಚಹಾ ಕುಡಿದ ವಿಷಯ ನನಗೆ ಅಷ್ಟು ಹಿತವಾಗಲಿಲ್ಲ. ಅವರಿಬ್ಬರಿಗೂ ಅಲ್ಲಿಯವರೆಗೆ ನನ್ನ ಮೂಲಕ ಹೊರತು ಪರಿಚಯವೇ ಇರಲಿಲ್ಲ.

ತಿಂಗಳು ಕಳೆದಿರಬೇಕು. ತಂಗಿ ಫೋನಿನಲ್ಲಿ ಬಹಳ ಖುಷಿಯಲ್ಲಿದ್ದಳು.

“ಅಕ್ಕಾ, ನಿನ್ನ ಹಾವು ಗೆದ್ದದ ನೋಡು. ಹುಡುಗ್ರು ಹೂವಿನ ಹಾವು ಬೇಕಂತ ಜಗಳಾಡಾಕತ್ತಾವ.”

“ಯಾವ ಹೂವಿನ ಹಾವು?”

“ಅದೇ, ನಿಂದೇ. ಹುಡುಗ್ರು ಹಂಗ್ ಕರಿತಾವ.”

ನಾನು ಹೆಚ್ಚು ಕೇಳಲಿಲ್ಲ. ಫೋನಿಟ್ಟ ಮೇಲೆ ಮಾತ್ರ ಆ ‘ಹೂವು’ ತಲೆಯೊಳಗೆ ಕೂತುಬಿಟ್ಟಿತು. ನನ್ನ ಹಾವಿಗೆ ಹೂವಿಲ್ಲ. ಹಾಗಾದರೆ ಅಲ್ಲಿರುವುದು ನನ್ನ ಹಾವಲ್ಲ. ಬಸವಕಲ್ಯಾಣದಲ್ಲಿ ಯಾರೋ ನನ್ನ ನಕಾಶೆ ಕದ್ದು ಹೂವಿನ ಬಟ್ಟೆಯಲ್ಲಿ ಹೊಲಿಸುತ್ತಿದ್ದಾರೆ ಎಂದುಕೊಂಡೆ. ನಕಾಶೆ ಅವರ ಕೈಗೆ ಹೇಗೆ ಸಿಕ್ಕಿತು? ತಂಗಿ ಕೊಟ್ಟಿರಬೇಕು. ಅಥವಾ ಕೌದಿಯವಳು. ಅಥವಾ ಇಬ್ಬರೂ ಸೇರಿ, ಆ ಚಹಾ ಅಂಗಡಿಯಲ್ಲಿ. ತಂಗಿ ಚಿಕ್ಕಂದಿನಿಂದ ನನ್ನನ್ನು ‘ಸಿಐಡಿ’ ಎಂದು ಛೇಡಿಸುತ್ತಾಳೆ. ಸಿಐಡಿಯಾದವಳು ನೇರವಾಗಿ ಕೇಳಬಾರದು. ಕೇಳಿದರೆ ಸುಳ್ಳು ಹೇಳಲು ಸಮಯ ಕೊಟ್ಟಂತೆ. ಹೋಗಿ ನೋಡಬೇಕು, ಅದೂ ಹೇಳದೆ.

ಮೊಣಕಾಲು ಇನ್ನೂ ಪೂರ್ತಿ ಮಾತು ಕೇಳುತ್ತಿರಲಿಲ್ಲ. ಆದರೂ ಒಂದು ಶನಿವಾರ ಬೆಳಿಗ್ಗೆ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಬಸವಕಲ್ಯಾಣದ ಬಸ್ಸು ಹತ್ತಿದೆ. ರಸ್ತೆಯ ಎರಡೂ ಬದಿ ತೊಗರಿ ಒಣಗಿ ನಿಂತಿತ್ತು, ಅಲ್ಲಲ್ಲಿ ಕೊಯ್ಲು ಶುರುವಾಗಿತ್ತು. ಬಸ್ಸು ಹೆದ್ದಾರಿ ಬಿಟ್ಟು ಊರ ಕಡೆ ತಿರುಗುವ ಹೊತ್ತಿಗೆ ತಂಗಿಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದೆ.

ಅವಳ ಅಂಗನವಾಡಿ ಊರಿನ ಅಂಚಿಗಿದೆ. ಹಿಂದಿನ ಗೋಡೆಯಾಚೆಗೆ ಹೊಲಗಳೇ. ನಾನು ಒಳಗೆ ಕಾಲಿಟ್ಟಾಗ ಮಕ್ಕಳು ಚಾಪೆಯ ಮೇಲೆ ಆಡುತ್ತಿದ್ದರು. ಒಬ್ಬ ಹುಡುಗ ಹಾವನ್ನು ಕೊರಳಿಗೆ ಹಾಕಿಕೊಂಡಿದ್ದ. ಒಬ್ಬಳು ಇನ್ನೊಂದರ ಬೆನ್ನಿಗೆ ಕೆನ್ನೆಯೊತ್ತಿ ಮಲಗಿದ್ದಳು. ತಲೆ ನನ್ನದೇ, ಕಣ್ಣು ನನ್ನವೇ, ಇಲಿ ನುಂಗುವ ಬಾಯಿಯೂ ನನ್ನದೇ. ಕಳ್ಳತನವಾಗಿರಲಿಲ್ಲ. ಆದರೆ ಬೆನ್ನಿನುದ್ದಕ್ಕೂ ಕಡುಕಂದು ಬಟ್ಟೆಯ ಮೊಟ್ಟೆಯಾಕಾರದ ತುಂಡುಗಳನ್ನು ಒಂದರ ಹಿಂದೆ ಒಂದು ಇಟ್ಟು ಹೊಲಿಯಲಾಗಿತ್ತು. ಪ್ರತಿ ತುಂಡಿನ ಸುತ್ತ ಕರಿ ನೂಲಿನ ಅಂಚು, ಅದರಾಚೆ ಬಿಳಿ ನೂಲಿನ ಸಣ್ಣ ಗೆರೆ. ಮಕ್ಕಳ ‘ಹೂವು’ ಇದೇ. ಹಾವಿನ ತುಂಬ ಸರಪಳಿ ಹರಡಿದಂತಿತ್ತು. ನಾನು ಮಾಡಿದ್ದಕ್ಕಿಂತ ಎಷ್ಟೋ ಚಂದ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಸರಪಳಿ ನನಗೆ ಗೊತ್ತಿತ್ತು. ಶಾಲೆಯಲ್ಲಿದ್ದಾಗ ವಿಷದ ಹಾವುಗಳ ಚಿತ್ರವನ್ನು ಗೋಡೆಯ ಮೇಲೆ ನಾನೇ ಬರೆದಿದ್ದೆ. ಆ ಮೊಟ್ಟೆಯಾಕಾರಗಳನ್ನು, ಅವುಗಳ ಕರಿ ಅಂಚನ್ನು, ಬಿಳಿ ಗೆರೆಯನ್ನು ಒಂದೊಂದಾಗಿ ತುಂಬಿದ್ದೆ. ಅದು ಕೊಳಕುಮಂಡಲ. ಕಚ್ಚಿದರೆ ದವಾಖಾನೆ ಮುಟ್ಟುವುದರೊಳಗೆ ರಕ್ತ ಕೆಡಿಸುವ ಹಾವು. ಒಣಗಿದ ತೊಗರಿಯ ಕೆಳಗೆ, ಕಟ್ಟಿಗೆಯ ಗುಡ್ಡೆಯಲ್ಲಿ ಅಲುಗಾಡದೆ ಮಲಗಿರುವ ಹಾವು. ಅದನ್ನು ಈ ಮಕ್ಕಳು ಕೊರಳಿಗೆ ಹಾಕಿಕೊಂಡಿದ್ದರು. ಮಧ್ಯಾಹ್ನವಾದರೆ ಇವರಲ್ಲಿ ಎಷ್ಟೋ ಮಂದಿ ತಾಯಂದಿರ ಹಿಂದೆ ಹೊಲಕ್ಕೆ ಹೋಗುವವರು.

“ಅಕ್ಕಾ! ಫೋನ್ ಮಾಡ್ದೇನೆ ಬಂದಿ?” ತಂಗಿ ಒಳಗಿನಿಂದ ಬಂದಳು.

“ಇವು ಎಲ್ಲಾ ವಾಪಸ್ ಬೇಕು ನಂಗ. ಈಗ.”

“ಯಾಕ? ಎಷ್ಟ್ ಚಂದ ಆಡಾಕತ್ತಾವ.”

“ಇದು ಕೊಳಕಮಂಡಲ ಅದ, ಹುಚ್ಚಿ. ನೀ ಮಕ್ಕಳಿಗಿ ಇದನ್ನ ಮುದ್ದು ಮಾಡೋದು ಕಲಿಸಾಕತ್ತಿ.”

ಅವಳು ನಕ್ಕಳು. “ಬಟ್ಟಿ ಹಾವಿಗೂ ವಿಷ ಬಂತಾ? ನಿನ್ನ ಸಂಶಯಕ್ಕ ಕಡೀನೇ ಇಲ್ಲ ನೋಡು.” ನಾನು ಫೋನಿನಲ್ಲಿ ನಿಜವಾದ ಹಾವಿನ ಚಿತ್ರ ತೆಗೆದು, ಹುಡುಗನ ಕೊರಳಲ್ಲಿದ್ದುದರ ಪಕ್ಕಕ್ಕೆ ಹಿಡಿದೆ. ಅವಳ ನಗು ನಿಂತಿತು. ಚಾಪೆಯ ಮೇಲಿನ ಹಾವುಗಳನ್ನು ಎತ್ತತೊಡಗಿದಳು. ಮಕ್ಕಳು ಸುಮ್ಮನೆ ಕೊಡಲಿಲ್ಲ. ಕಪ್ಪೆ ಕೊಟ್ಟು, ಬಿಸ್ಕೀಟು ಕೊಟ್ಟು, ಕೊನೆಗೆ ಕಸಿದುಕೊಂಡು, ಅಂತೂ ಚೀಲಕ್ಕೆ ತುಂಬಿದೆವು. ಆ ಅಳುವಿನ ನಡುವೆಯೇ ನಾನು ನೋಡಿಕೊಂಡೆ. ಆರು ಕತ್ತರಿಸಿ ಕೊಟ್ಟಿದ್ದೆ, ಚೀಲದಲ್ಲಿ ಐದಿದ್ದವು.

“ಇನ್ನೊಂದು ಎಲ್ಲದ?”

“ಅದು ಹರದಿತ್ತು ಅಕ್ಕಾ. ಒಗದೆ.”

ಹೇಳುತ್ತ ಹೇಳುತ್ತ ಅವಳು ಮಡಿಚಿಟ್ಟ ಚಾಪೆಯನ್ನು ಬಿಚ್ಚಿ ಮತ್ತೆ ಮಡಿಚಿದಳು. ಸುಳ್ಳು ಹೇಳುವಾಗ ನನ್ನ ತಂಗಿಯ ಕೈಗೆ ಕೆಲಸ ಬೇಕು. ಫ್ರಾಕು ಹಾಕುವ ವಯಸ್ಸಿನಿಂದ ನೋಡಿದ್ದೇನೆ. ಹರಿದದ್ದನ್ನು ಎಸೆಯುವವಳೂ ಅಲ್ಲ ಅವಳು. ನಾನು ಆಗಲೇ ಅವಳ ಕೈ ಹಿಡಿದು ಕೇಳಬೇಕಿತ್ತು. ಆದರೆ ಆ ಆರನೆಯದು ಮಾದರಿಗೆಂದು ಯಾರದೋ ಕೈಗೆ ಹೋಗಿದೆ ಎಂಬ ಹಳೆಯ ಸಂಶಯ ಮತ್ತೆ ತಲೆಯೆತ್ತಿತು. ಮೊದಲು ಕೌದಿಯವಳ ಬಾಯಿ ಬಿಡಿಸಿದರೆ ಇವಳು ಜಾರಿಕೊಳ್ಳಲಾರಳು ಎಂದು ಲೆಕ್ಕ ಹಾಕಿ, ಚೀಲ ಹಿಡಿದು ಊರಿಗೆ ಮರಳಿದೆ.

ಮರುದಿನ ಚಿಟಗುಪ್ಪದ ಬಸ್ಸು ಹಿಡಿದು, ಅಲ್ಲಿಂದ ಬೇಮಳಖೇಡಕ್ಕೆ ಹೋದೆ. ಕೌದಿಯವಳು ಅಂಗಳದಲ್ಲಿ ಒಂದು ಕೌದಿ ಹರಡಿಕೊಂಡು ಅದರ ಮೇಲೆಯೇ ಕೂತು ಹೊಲಿಯುತ್ತಿದ್ದಳು. ನಾನು ಚೀಲವನ್ನು ಅವಳ ಮುಂದೆ ಸುರಿದೆ.

“ಏನವ್ವಾ ಇದು? ನಾ ಹೇಳಿದ್ದೇನು, ನೀ ಮಾಡಿದ್ದೇನು?”

ಅವಳ ಮುಖ ಅರಳಿತು. ಹೊಗಳಲು ಬಂದಿದ್ದೇನೆ ಎಂದುಕೊಂಡಿರಬೇಕು. “ಚಂದ ಆಗ್ಯಾವಲ್ರಿ ಅಕ್ಕೋರೆ? ನೀವು ಕೊಟ್ಟಿದ್ದು ಬರೇ ಬೋಳ್ ಇತ್ತು. ಹಿಂದಿನ ಸಲ ಮನಸ್ಸಿಲ್ದೆ ಹಂಗೇ ಕೊಟ್ಟೀನ್ರಿ. ಕೌದಿಗಿ ಮೂಲ್ಯಾಗ ಬಣ್ಣದ ತುಂಡು ಹಾಕಲಾರ್ದೆ ನಾವು ಕೈ ತೊಳಿಯಂಗಿಲ್ರಿ. ಅದು ಬತ್ತಲಿ ಇದ್ದಂಗ. ಕೂಸಿನ ಕೈಗಿ ಬತ್ತಲಿ ಸಾಮಾನ ಹ್ಯಾಂಗ ಕೊಡೋದು?”

“ಈ ಸರಪಳಿ ಎಲ್ಲಿಂದ ತಂದಿ?”

“ಇಲ್ಲಿಂದ್ರಿ.” ಕೂತಿದ್ದ ಕೌದಿಯ ಅಂಚು ಎತ್ತಿ ತೋರಿಸಿದಳು. ಅಂಚಿನ ಸುತ್ತ ಅದೇ ಮೊಟ್ಟೆಯಾಕಾರಗಳು, ಅದೇ ಕರಿ ಗೆರೆ, ಬಿಳಿ ಗೆರೆ. ಅವಳ ತಾಯಿ ಹಾಕುತ್ತಿದ್ದ ಅಂಚಂತೆ. ಅವರ ಮನೆಯ ಬಾಣಂತಿಯರೆಲ್ಲ ಇದನ್ನೇ ಹೊದ್ದವರಂತೆ.

“ಕೊಳಕಮಂಡಲ ನೋಡಿಲ್ಲೇನು ನೀ? ಅದರ ಬೆನ್ನು ಹಿಂಗೇ ಇರ್ತದ.”

ಅವಳು ಹಾವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು, ದೂರ ಹಿಡಿದು ನೋಡಿದಳು. ತಟ್ಟನೆ ಕೆಳಗೆ ಹಾಕಿದಳು. “ಖರೇ ಅದರಿ ಅಕ್ಕೋರೆ. ಎಷ್ಟ್ ಸಲ ನೋಡೀನಿ. ಆದ್ರ ಹಾವು ಕಂಡ್ರ ಮೈಬಣ್ಣ ನೋಡ್ಕೋತ ನಿಲ್ತೀವೇನ್ರಿ? ಓಡ್ತೀವಿ.”

ಅವಳ ಮೇಲೆ ಸಿಟ್ಟು ಮಾಡಬೇಕೆಂದು ಬಂದಿದ್ದೆ, ಆಗಲಿಲ್ಲ. ಬತ್ತಲೆ ಕೊಡಬಾರದೆಂದು ಸರಪಳಿ ಹೊಲಿದವಳಿಗೆ ಏನೆಂದು ಬೈಯುವುದು? ಆರನೆಯ ಹಾವಿನ ಮಾತು ಮಾತ್ರ ಬಾಕಿಯಿತ್ತು. ಅದು ಎಲ್ಲಿ, ಯಾರ ಹತ್ತಿರ ಎಂದು ಪೊಲೀಸರಂತೆ ಕೇಳಿದೆ.

“ಆ ಸಣ್ಣ ಹುಡುಗಿ ಹತ್ರ ಇರಬೇಕಲ್ರಿ. ನಿಮ್ಮ ತಂಗಿ ಮೊನ್ನಿ ಫೋನ್ ಮಾಡಿದ್ರು, ಹೊಟ್ಟಿ ಹೊಲಿಗಿ ಬಿಚ್ಚ್ಯದ, ಹ್ಯಾಂಗ ಹೊಲಿಲಿ ಅಂತ. ಆ ಹುಡುಗಿ ಅದನ್ನ ಬಿಟ್ಟು ಮಲಗಂಗಿಲ್ಲಂತ. ಮನಿಗಿ ಒಯ್ತಾಳಂತ.”

ಮಾದರಿಯೂ ಇಲ್ಲ, ಕಳ್ಳತನವೂ ಇಲ್ಲ. ಒಂದು ಮಗುವಿನ ಹಾಸಿಗೆಯಲ್ಲಿತ್ತು ಅದು. ಒಂದು ದಿನ ಪೂರ್ತಿ ನಾನು ಇಲ್ಲದ ಕಳ್ಳನ ಬೆನ್ನು ಹತ್ತಿದ್ದೆ. ಅಂಗಳದಲ್ಲಿಯೇ ನಿಂತು ತಂಗಿಗೆ ಫೋನು ಹಚ್ಚಿ, ಮೊದಲ ಮಾತಿಗೇ ಬೈದೆ. ಅವಳು ಈ ಸಲ ಸುಳ್ಳು ಹೇಳಲಿಲ್ಲ. ಹುಡುಗಿ ಹೊಸದಾಗಿ ಸೇರಿದವಳು, ನಿನ್ನೆ ಬಂದಿರಲಿಲ್ಲ. ತಾಯಿ ಬಿಟ್ಟು ಹೋದರೆ ಮಧ್ಯಾಹ್ನದವರೆಗೆ ಒಂದೇ ಸಮನೆ ಅಳುವವಳು. ಹಾವು ಕೈಗೆ ಕೊಟ್ಟ ದಿನ ಅಳು ನಿಂತಿತಂತೆ. “ಅದನ್ನ ಕಸಗೊಂಡ್ರ ಮತ್ತ ಅಳ್ತದ ಅಂತ ನಿನಗ ಹೇಳ್ಲಿಲ್ಲ ಅಕ್ಕಾ,” ಎಂದಳು.

“ಈಗ ಎಲ್ಲಿದ್ದಾಳ?”

“ಇವತ್ತು ಐತ್ವಾರ ಅಲ್ಲಾ. ಅವ್ವನ ಜೋಡಿ ತೊಗರಿ ಕೊಯ್ಲಿಗಿ ಹೋಗಿರ್ತಾಳ.”

ಬೇಮಳಖೇಡದಿಂದ ಬಸವಕಲ್ಯಾಣಕ್ಕೆ ಅಷ್ಟು ದೂರವಿದೆಯೆಂದು ಅವತ್ತೇ ಗೊತ್ತಾಗಿದ್ದು. ಚಿಟಗುಪ್ಪದಲ್ಲಿ ಬಸ್ಸಿಗೆ ಕಾಯಬೇಕಾಯಿತು, ಹುಮನಾಬಾದಿನಲ್ಲಿ ಮತ್ತೆ ಕಾಯಬೇಕಾಯಿತು. ಕಿಟಕಿಯಾಚೆ ಕೊಯ್ದು ಹಾಕಿದ ತೊಗರಿಯ ಗುಡ್ಡೆ ಕಂಡಾಗಲೆಲ್ಲ ಒಂದೊಂದು ಗುಡ್ಡೆಯ ಕೆಳಗೂ ಒಂದೊಂದು ಹಾವು ಮಲಗಿದೆ ಎನಿಸುತ್ತಿತ್ತು. ಏನೂ ಆಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಆದರೆ ನನ್ನ ಮಾತನ್ನು ನಾನೇ ನಂಬಲಿಲ್ಲ. ತಂಗಿಗೆ ಎರಡು ಸಲ ಫೋನು ಮಾಡಿದೆ. ಹುಡುಗಿಯ ತಾಯಿಯ ಹತ್ತಿರ ಫೋನಿಲ್ಲ, ಯಾವ ಹೊಲವೆಂದು ಊರಲ್ಲಿ ಕೇಳುತ್ತಿದ್ದೇನೆ ಎಂದಳು.

ಅಂಗನವಾಡಿಯ ಹಿಂದಿನ ಹಾದಿಯಲ್ಲಿ ತಂಗಿ ಸಿಕ್ಕಳು, ಹೊಲ ಯಾವುದೆಂದು ಅವಳಿಗೆ ಆಗಷ್ಟೇ ಗೊತ್ತಾಗಿತ್ತು. ಇಬ್ಬರೂ ಸೇರಿ ಹೊಲಕ್ಕೆ ನಡೆದೆವು. ಬಿಸಿಲು ಇಳಿಯುತ್ತಿತ್ತು. ಆಚೆ ತುದಿಯಲ್ಲಿ ನಾಲ್ಕೈದು ಹೆಂಗಸರು ಬಗ್ಗಿ ಕೊಯ್ಯುತ್ತಿದ್ದರು. ಈಚೆ, ಕೊಯ್ದು ಹಾಕಿದ ಗುಡ್ಡೆಯ ಪಕ್ಕ, ನಮಗೆ ಬೆನ್ನು ಮಾಡಿ ಹುಡುಗಿ ಕುಕ್ಕರಗಾಲಲ್ಲಿ ಕೂತಿದ್ದಳು. ನಾಲ್ಕು ವರ್ಷವಿರಬಹುದು. ತೊಗರಿಯ ನೆರಳಿನಲ್ಲಿ, ಅವಳ ಕೈಗೆ ಸಿಗುವಷ್ಟು ಹತ್ತಿರ, ಸುರುಳಿ ಸುತ್ತಿಕೊಂಡು ಅದು ಮಲಗಿತ್ತು. ಬೆನ್ನಿನ ಸರಪಳಿ ಕಾಣುತ್ತಿತ್ತು. ಅವಳು ಕೈ ಚಾಚುತ್ತಿದ್ದಳು.

ನಾನು ಹುಡುಕಿಕೊಂಡು ಬಂದದ್ದೇ ಬಟ್ಟೆಯ ಹಾವನ್ನು. ಅದರ ತಲೆ ಕತ್ತರಿಸಿದವಳು ನಾನು, ಕಣ್ಣಿಗೆ ಗುರುತು ಹಾಕಿದವಳೂ ನಾನು. ಆದರೂ ಆ ಗಳಿಗೆಯಲ್ಲಿ ನನಗೆ ಅದೊಂದೂ ನೆನಪಾಗಲಿಲ್ಲ. “ಹಾವು! ಹಾವು!” ಎಂದು ಗಂಟಲು ಹರಿಯುವಂತೆ ಕೂಗಿ, ನೋಯುವ ಕಾಲಲ್ಲೇ ಓಡಿಹೋಗಿ ಹುಡುಗಿಯ ರಟ್ಟೆ ಹಿಡಿದು ಹಿಂದಕ್ಕೆಳೆದೆ. ಅವಳು ನೆಲಕ್ಕೆ ಬಿದ್ದಳು. ನನ್ನ ಕೂಗಿಗೆ ಆಚೆಯಿಂದ ಅವಳ ತಾಯಿ ಹಾರಿಕೊಂಡು ಬಂದಳು. ಬರುಬರುತ್ತಲೇ ಒಂದು ಕಟ್ಟಿಗೆ ಎತ್ತಿಕೊಂಡಿದ್ದಳು. ಏನು ಎತ್ತ ಕೇಳಲಿಲ್ಲ. ಬಾರಿಸಿದಳು, ಮತ್ತೆ ಮತ್ತೆ ಬಾರಿಸಿದಳು. ಬೆನ್ನು ಬಿರಿದು ಬಿಳಿ ಅರಳೆ ಹೊರಗೆ ಬಂದಾಗ ಅವಳ ಕೈ ನಿಂತಿತು.

ಉಳಿದ ಹೆಂಗಸರೂ ಬಂದು ಸೇರಿದರು. ಒಬ್ಬಳು ಅರಳೆ ನೋಡಿ ಕಿಸಕ್ಕನೆ ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ತಾಯಿಯೂ ಏದುಸಿರು ಬಿಡುತ್ತ ನಕ್ಕಳು. ತಂಗಿ ನನ್ನ ಭುಜ ಹಿಡಿದುಕೊಂಡು, “ಬಟ್ಟೀದು ಅಕ್ಕಾ, ಬಟ್ಟೀದು,” ಎನ್ನುತ್ತಿದ್ದಳು. ನನಗೆ ನಗು ಬರಲಿಲ್ಲ.

ಹುಡುಗಿ ಎದ್ದು ನಿಂತಳು. ನಾನು ಎಳೆದ ರಟ್ಟೆ ಕೆಂಪಾಗಿತ್ತು. ಈಗ ಜೋರಾಗಿ ಅಳುತ್ತಾಳೆ, ಅರಳೆಯನ್ನೆಲ್ಲ ಬಾಚಿ ಎದೆಗೊತ್ತಿಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳು ಅಳಲಿಲ್ಲ. ಬಿರಿದ ಹಾವನ್ನು ನೋಡಿದಳು, ತಾಯಿಯನ್ನು ನೋಡಿದಳು, ನಗುತ್ತಿದ್ದ ಹೆಂಗಸರನ್ನು ನೋಡಿದಳು. ಆಮೇಲೆ ತಾಯಿಯ ಕೈಯಲ್ಲಿದ್ದ ಕಟ್ಟಿಗೆ ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು, ಹಾವಿನ ತಲೆಗೆ ಒಂದು ಹಾಕಿದಳು.

“ಶಾಣ್ಯಾಕಿ! ಹಂಗೇ ಹೊಡಿಬೇಕು,” ಎಂದಳು ತಾಯಿ.

ಬೇಡ ಎನ್ನಬೇಕಿತ್ತು. ನಾನು ಇಷ್ಟೆಲ್ಲ ಕತ್ತರಿಸಿ ಹೊಲಿಸಿದ್ದು ಈ ಏಟು ಬೀಳದಿರಲಿ ಎಂದು. ಆದರೆ ಇನ್ನು ಮೇಲೆ ಈ ಹುಡುಗಿ ಯಾವ ಗುಡ್ಡೆಗೂ ಕೈ ಚಾಚುವುದಿಲ್ಲ ಎಂದು ನನ್ನೊಳಗೆ ದೊಡ್ಡದೊಂದು ನೆಮ್ಮದಿ ಬಂದು ಕೂತಿತ್ತು, ಅದನ್ನು ಎಬ್ಬಿಸಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಹುಡುಗಿ ಇನ್ನೊಂದು ಏಟು ಹಾಕಿ, ಸರಿಯಾಗಿ ಬಿತ್ತೋ ಇಲ್ಲವೋ ಎಂದು ಕೇಳುವವಳಂತೆ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.